ನಿವೃತ್ತರಿಗೊಂದು ನೆಲೆ

ಕೃಷ್ಣೆ ಮತ್ತು ಘಟಪ್ರಭೆಗಳ ನಡುವಣ ಕರಿನೆಲದಲ್ಲಿ, ಬೆಲ್ಲದ ಪೇಟೆಗೆ ಹೆಸರಾದ ಮಹಾಲಿಂಗಪುರದ ನೆರೆಯಲ್ಲಿ, ಸಮೀರವಾಡಿಯೆಂಬ ಊರೊಂದುಂಟು. ಊರೆಂದು ಕೂಡಲೆ ಕಣ್ಣಿಗೆ ಕಟ್ಟುವ ಯಾವ ಲಕ್ಷಣವೂ ಅದಕ್ಕಿಲ್ಲ. ಕೋಟೆಯಿಲ್ಲ, ಅಗಸೆಬಾಗಿಲಿಲ್ಲ, ದೇಸಾಯರ ವಾಡೆಯಿಲ್ಲ. ನಡುವೆ ಸಕ್ಕರೆಯ ಕಾರ್ಖಾನೆ. ಅದರ ಆಸುಪಾಸಿಗೆ ನೌಕರರ ವಸತಿ, ಶಾಲೆ, ಗುಡಿ, ಅಂಗಡಿ. ಅದರಾಚೆಗೆ ಕಣ್ಣು ಹಾಯುವಷ್ಟು ದೂರ ಕಬ್ಬು. ಮಹಾರಾಷ್ಟ್ರದಲ್ಲಿ ಸಕ್ಕರೆಯ ಉದ್ಯಮವನ್ನು ಕಟ್ಟಿದ ಕರಮಶಿ ಜೇಠಾಭಾಯಿ ಸೋಮೈಯಾ ಅವರ ಗೋದಾವರಿ ಸಂಸ್ಥೆ 1970ರ ದಶಕದಲ್ಲಿ ಇಲ್ಲಿ ನೆಲೆಯೂರಿತು. ಗೋದಾವರಿಯ ಹೆಸರು ಘಟಪ್ರಭೆಯ ಸೀಮೆಗೆ ಬಂದು ಸೇರಿದ್ದು ಹೀಗೆ.

ಇಂಥ ಊರಿನಲ್ಲಿ ಕಾಲವನ್ನು ಅಳೆಯುವ ರೀತಿಯೇ ಬೇರೆ. ಪಂಚಾಂಗದಲ್ಲಿ ಆರು ಋತುಗಳಿರಬಹುದು. ಸಕ್ಕರೆಯ ಊರಿನಲ್ಲಿ ಎರಡೇ. ಒಂದು ಕಬ್ಬು ನುರಿಸುವ ಹಂಗಾಮು, ಇನ್ನೊಂದು ಹಂಗಾಮಿಲ್ಲದ ಕಾಲ. ದೀಪಾವಳಿಯ ಸುಮಾರಿಗೆ ಕಾರ್ಖಾನೆಯ ಹೊಗೆ ಎದ್ದಿತೆಂದರೆ ಟ್ರ್ಯಾಕ್ಟರುಗಳ ಸಾಲು, ಎತ್ತಿನ ಗಾಡಿಗಳ ಗೆಜ್ಜೆ, ರಾತ್ರಿಯೆಲ್ಲ ಉರಿಯುವ ದೀಪ, ಗಾಳಿ ತಿರುಗಿದ ಕಡೆಗೆಲ್ಲ ಕಾಕಂಬಿಯ ಕಟುವಾದ ವಾಸನೆ. ಹೊರಗಿನವರು ಮೂಗು ಮುಚ್ಚಿಕೊಳ್ಳುವ ಆ ವಾಸನೆ ಅಲ್ಲಿ ಮೂವತ್ತು ವರ್ಷ ಕಳೆದವರಿಗೆ ಅನ್ನದ ವಾಸನೆ. ಒಗೆದು ಹರವಿದ ಬಿಳಿಯ ಧೋತರದ ಮೇಲೆ ಸಿಪ್ಪೆಯ ಬೂದಿ ಬಂದು ಕುಳಿತರೆ ಗೃಹಿಣಿ ಗೊಣಗುತ್ತಾಳೆ. ಆದರೆ ಬೂದಿ ಬೀಳದ ವರ್ಷ ಊರಿಗೆ ಊರೇ ಚಿಂತೆಗೊಳಗಾಗುತ್ತದೆ.

ಕಾರ್ಖಾನೆಯ ವಸತಿಯಲ್ಲಿ ಬಾಳುವವನಿಗೆ ಒಂದು ದೊಡ್ಡ ಸೌಕರ್ಯವುಂಟು, ಒಂದು ದೊಡ್ಡ ಅಪಾಯವೂ ಉಂಟು. ಎರಡೂ ಒಂದೇ. ಅದಾವುದೆಂದರೆ ಅವನು ಮನೆಯನ್ನು ಕುರಿತು ಯೋಚಿಸಬೇಕಾಗಿಲ್ಲ. ಸೋರಿದರೆ ಕಚೇರಿಗೆ ಚೀಟಿ ಬರೆದರಾಯಿತು. ನೆರೆಯವರು ಯಾರು, ಎಂಥವರು ಎಂದು ವಿಚಾರಿಸಬೇಕಾಗಿಲ್ಲ; ಪಾಳಿ ಬದಲಾಗುವ ಹೊತ್ತಿಗೆ ಅವರೇ ಎದುರಾಗುತ್ತಾರೆ. ಹೀಗೆ ಯೋಚನೆಯಿಲ್ಲದೆ ಮೂರು ದಶಕಗಳು ಸರಿದುಹೋಗಿ, ಒಂದು ದಿನ ಹಾರ, ಶಾಲು, ಫಲತಾಂಬೂಲಗಳೊಡನೆ ಬೀಳ್ಕೊಡುಗೆಯಾಗುತ್ತದೆ. ದುಡಿಯುವವರಿಗಾಗಿ ಕಟ್ಟಿದ ಮನೆ ದುಡಿಮೆ ಮುಗಿದವನದಲ್ಲ. ಸಾಮಾನು ಕಟ್ಟಬೇಕು. ಎಲ್ಲಿಗೆ?

ಹಿಂದೆ ಈ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು: ಹುಟ್ಟಿದ ಊರಿಗೆ. ಅಲ್ಲಿ ಅಣ್ಣತಮ್ಮಂದಿರಿದ್ದರು, ಪಾಲಿಗೆ ಬಂದ ನಾಲ್ಕೆಕರೆ ಹೊಲವಿತ್ತು, ಪಡಸಾಲೆಯಲ್ಲಿ ಒಂದು ಮೂಲೆಯಾದರೂ ಇತ್ತು. ಈಗ ಹೊಲ ಹಂಚಿ ಹರಿದಿದೆ. ಬೀಳಗಿಯ ಕಡೆಯ ಎಷ್ಟೋ ಹಳ್ಳಿಗಳವರಿಗಂತೂ ಹುಟ್ಟೂರೇ ಆಲಮಟ್ಟಿಯ ಹಿನ್ನೀರಿನ ಕೆಳಗಿದೆ. ಎರಡನೆಯ ಉತ್ತರ ಮಕ್ಕಳ ಮನೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ಏಳನೆಯ ಅಂತಸ್ತಿನ ಮನೆಯ ಕಿಟಕಿಯ ಬಳಿ ಕುಳಿತು, ಸಂಜೆ ಏಳರ ತನಕ ಬಾಗಿಲ ಗಂಟೆಗಾಗಿ ಕಾಯುವ ವೃದ್ಧರನ್ನು ಎಲ್ಲರೂ ಬಲ್ಲರು. ಅದರ ವರ್ಣನೆ ಇಲ್ಲಿ ಬೇಡ. ಮೂರನೆಯದಾದ ಒಂದು ಉತ್ತರವುಂಟು. ಈ ಸೀಮೆಯ ನೌಕರರ ಬಾಯಲ್ಲಿ ಅದು ಕೇಳಿಬರುವುದು ಹೀಗೆ: “ಧಾರವಾಡದಾಗ ಒಂದು ಸಣ್ಣ ಮನಿ ಮಾಡಿದ್ರ ಹೆಂಗ?”

ಧಾರವಾಡವೇ ಏಕೆ? ಮಗನೋ ಮಗಳೋ ಅಲ್ಲಿ ಓದಿರುತ್ತಾರೆ. ವಸತಿಗೃಹದ ಶುಲ್ಕ ಕಟ್ಟಲು ವರ್ಷಕ್ಕೆರಡು ಬಾರಿ ಹೋದ ತಂದೆ, ಕರ್ನಾಟಕ ಕಾಲೇಜಿನ ಮರಗಳ ನೆರಳಿನಲ್ಲಿ ಅರ್ಧ ಗಂಟೆ ಕುಳಿತು ಬಂದಿರುತ್ತಾನೆ. ಕಟ್ಟಿಗೆಯ ಬೆಂಚಿನ ಮೇಲೆ ತನ್ನ ವಯಸ್ಸಿನವರೇ ನಾಲ್ವರು ಪತ್ರಿಕೆ ಹರವಿಕೊಂಡು ರಾಜಕಾರಣದ ಮಾತಾಡುತ್ತಿದ್ದುದನ್ನು ಕಂಡಿರುತ್ತಾನೆ. ಆ ಅರ್ಧ ಗಂಟೆಯ ನೆರಳೇ ಮುಂದಿನ ಇಪ್ಪತ್ತು ವರ್ಷಗಳ ಆಸೆಗೆ ಬೀಜವಾಗುತ್ತದೆ.

ಆಸೆಯ ಮಾತಿಗೆ ಮೊದಲು ಹಣದ ಮಾತು. ಕಾಲೇಜಿನ ಊರು ನಿವೃತ್ತರ ಊರೆಂಬ ಕೀರ್ತಿಯನ್ನು ತಂದವರು ಮುಖ್ಯವಾಗಿ ಅಧ್ಯಾಪಕರು, ಸರಕಾರಿ ಅಧಿಕಾರಿಗಳು. ಕರ್ನಾಟಕದಲ್ಲಿ 2006ರ ಏಪ್ರಿಲ್ 1ಕ್ಕೆ ಮೊದಲು ಸರಕಾರಿ ಸೇವೆಗೆ ಸೇರಿ ಪೂರ್ಣಾವಧಿ ದುಡಿದವರಿಗೆ ಕೊನೆಯ ಮೂಲ ಸಂಬಳದ ಅರ್ಧದಷ್ಟು ಪಿಂಚಣಿ, ಅದರ ಮೇಲೆ ತುಟ್ಟಿಭತ್ಯೆ. ಕಾರ್ಖಾನೆಯ ನೌಕರನ ಲೆಕ್ಕ ಬೇರೆ. ಅವನದು 1995ರ ನೌಕರರ ಪಿಂಚಣಿ ಯೋಜನೆ. ಸಂಬಳವೆಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವ ವೇತನಕ್ಕೆ 2014ರ ಸೆಪ್ಟೆಂಬರಿನಿಂದ 15,000 ರೂಪಾಯಿಯ ಮಿತಿ ಹಾಕಿದೆ. ಆ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ ಎಪ್ಪತ್ತರಿಂದ ಭಾಗಿಸಬೇಕು. ಮಿತಿಯೊಳಗೆ ಚಂದಾ ಕಟ್ಟಿ ಮೂವತ್ತು ವರ್ಷ ದುಡಿದವನ ಕೈಗೂ ತಿಂಗಳಿಗೆ ಏಳು ಸಾವಿರದ ಒಳಗೇ ಬರುತ್ತದೆ. ಅದಕ್ಕೆ ತುಟ್ಟಿಭತ್ಯೆಯಿಲ್ಲ. ಇಂದು ಬಂದ ಮೊತ್ತವೇ ಹತ್ತು ವರ್ಷದ ಮೇಲೂ. ಅವನು ತೀರಿಕೊಂಡರೆ ಹೆಂಡತಿಗೆ ಅದರ ಅರ್ಧ.

ಇನ್ನು ಗ್ರಾಚುಯಿಟಿ ಮತ್ತು ಭವಿಷ್ಯನಿಧಿಯ ಇಡಿಗಂಟು. ಕಾಯಂ ನೌಕರನಿಗೆ ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಗ್ರಾಚುಯಿಟಿ. ಹಂಗಾಮಿನಲ್ಲಿ ಮಾತ್ರ ದುಡಿಯುವವನಿಗೆ ಹಂಗಾಮೊಂದಕ್ಕೆ ಏಳು ದಿನದ್ದು. ಒಂದೇ ಗೋಡೆಯ ಆಚೀಚೆ ಬಾಳಿದ ಎರಡು ಸಂಸಾರಗಳು ನಿವೃತ್ತಿಯ ದಿನ ಎಷ್ಟು ದೂರ ಸರಿದುಹೋಗುತ್ತವೆಂಬುದು ಈ ಅಂಕೆಗಳಲ್ಲಿದೆ. ಇಡಿಗಂಟನ್ನೆಲ್ಲ ಧಾರವಾಡದ ಒಂದು ಮನೆಗೆ ಸುರಿದವನು ಬಳಿಕ ಆ ಮನೆಯಲ್ಲಿ ಕುಳಿತು ಉಣ್ಣಬೇಕಾದುದೇನನ್ನು? ಕಾಲೇಜಿನ ಊರಿನ ಮೋಹಕ್ಕೆ ಬಿದ್ದವರು ಕೇಳಿಕೊಳ್ಳದೆ ಬಿಡುವ ಪ್ರಶ್ನೆ ಇದು.

ಧಾರವಾಡದ ಮಾತು ಬರುವ ಮುನ್ನ ಮನೆಯ ಹತ್ತಿರದ ಊರುಗಳನ್ನು ನೋಡಬೇಡವೆ? ಮಹಾಲಿಂಗಪುರದಲ್ಲಿ ಕೆ. ಎಲ್. ಇ. ಸಂಸ್ಥೆಯ ಕಾಲೇಜುಂಟು. ಬನಹಟ್ಟಿಯಲ್ಲಿ ಕಾಲೇಜಿನ ಗಂಟೆಯ ಸದ್ದು ಮಗ್ಗಗಳ ಸದ್ದಿನಲ್ಲಿ ಕರಗಿಹೋಗುತ್ತದೆ. ಅದು ನೇಕಾರರ ಊರು, ಓದುವ ಹುಡುಗರು ಅಲ್ಲಿಯ ಅತಿಥಿಗಳು. ಮುಧೋಳಕ್ಕೆ ರನ್ನನ ಹೆಸರಿದೆ. ಆದರೆ ಬಳೆಗಾರರ ಮನೆಯಲ್ಲಿ ಹುಟ್ಟಿದ ಆ ಹುಡುಗನು ವಿದ್ಯೆಯನ್ನರಸಿ ಶ್ರವಣಬೆಳಗೊಳದ ಅಜಿತಸೇನಾಚಾರ್ಯರ ತನಕ ನಡೆದನೆಂಬುದನ್ನು ಮರೆಯುವಂತಿಲ್ಲ. ಸಾವಿರ ವರ್ಷದ ಹಿಂದೆಯೂ ಈ ಸೀಮೆಯ ಮಕ್ಕಳಿಗೆ ‘ಕಾಲೇಜಿನ ಊರು’ ದೂರದಲ್ಲಿಯೇ ಇತ್ತು!

ಜಮಖಂಡಿಯ ಮಾತು ಸ್ವಲ್ಪ ಬೇರೆ. 1948ರವರೆಗೆ ಪಟವರ್ಧನ ಅರಸರ ರಾಜಧಾನಿಯಾಗಿದ್ದ ಊರದು. ಸಂಸ್ಥಾನವೆಂದ ಮೇಲೆ ಶಾಲೆ, ವಾಚನಾಲಯ, ಸಂಗೀತಗಾರರು, ವಕೀಲರು ಇರಲೇಬೇಕಷ್ಟೆ. ಪರಶುರಾಮಭಾವು ಹೈಸ್ಕೂಲು ಇಡೀ ಸೀಮೆಗೆ ಹೆಸರಾಗಿತ್ತು. ಬಿ. ಎಲ್. ಡಿ. ಇ. ಸಂಸ್ಥೆಯ ಪದವಿ ಕಾಲೇಜು ಆ ಪರಂಪರೆಯನ್ನು ಮುಂದುವರಿಸಿತು. ಇದರ ಮೇಲೆ 2023ರಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯವು ಜಮಖಂಡಿಯಲ್ಲಿಯೇ ನೆಲೆಗೊಂಡಾಗ, ಅಂತೂ ನಮ್ಮ ಊರೂ ಒಂದು ವಿದ್ಯಾಕೇಂದ್ರವಾಯಿತೆಂದು ಜನ ಹಿಗ್ಗಿದರು. ನಿವೇಶನಗಳ ಬೆಲೆಯನ್ನು ಕುರಿತು ಮಾತುಗಳೂ ಹುಟ್ಟಿದವು. ಎರಡೇ ವರ್ಷ. 2025ರ ಆರಂಭದಲ್ಲಿ, ಹೊಸದಾಗಿ ತೆರೆದ ಇಂಥ ವಿಶ್ವವಿದ್ಯಾಲಯಗಳಿಗೆ ಹಣವೂ ಸಿಬ್ಬಂದಿಯೂ ಸಾಲದೆಂದು, ಅವನ್ನು ಮುಚ್ಚಿ ಹಳೆಯವುಗಳೊಡನೆ ಸೇರಿಸುವ ಮಾತು ಸರಕಾರದ ಮಟ್ಟದಲ್ಲಿಯೇ ಎದ್ದಿತು. ವಿದ್ಯೆಯ ಊರನ್ನು ಆದೇಶದಿಂದ ತೆರೆಯಲು ಬರುತ್ತದೆ, ಬೆಳೆಯಿಸಲು ಬರುವುದಿಲ್ಲ. ಫಲಕವನ್ನು ನೋಡಿ ನಿವೇಶನ ಕೊಳ್ಳುವವರು ಇಷ್ಟನ್ನು ಗಮನದಲ್ಲಿಡುವುದು ಒಳಿತು.

ಸರಿ, ಧಾರವಾಡ. ಯಾದವಾಡ, ಯರಗಟ್ಟಿ, ಸವದತ್ತಿಗಳನ್ನು ಹಾದು ನೂರು ಕಿಲೋಮೀಟರಿಗೂ ಮಿಕ್ಕಿದ ಹಾದಿ. ಈ ಹಾದಿಯ ಪ್ರಯಾಣವೇ ಒಂದು ಪಾಠ. ಕಬ್ಬು ಹಿಂದೆ ಸರಿಯುತ್ತದೆ. ಜೋಳ, ಕಡಲೆ, ಹತ್ತಿಯ ಹೊಲಗಳು ಎದುರಾಗುತ್ತವೆ. ಸವದತ್ತಿಯ ಬಳಿ ಎಲ್ಲಮ್ಮನ ಗುಡ್ಡ, ನವಿಲುತೀರ್ಥದಲ್ಲಿ ಕಟ್ಟೆ ಹಾಕಿಸಿಕೊಂಡ ಮಲಪ್ರಭೆ. ಧಾರವಾಡ ಕುಡಿಯುವುದು ಈ ನೀರನ್ನೇ. ಬಸ್ಸು ಏರತೊಡಗಿದಂತೆ ಗಾಳಿಯ ಮೈ ಬದಲಾಗುತ್ತದೆ. ಸಮುದ್ರಮಟ್ಟಕ್ಕೆ ಎರಡು ಸಾವಿರ ಅಡಿಗೂ ಮೇಲಿರುವ ಧಾರವಾಡ ಬಯಲುಸೀಮೆ ಮುಗಿದು ಮಲೆನಾಡು ತೊಡಗುವ ಹೊಸ್ತಿಲು. ಮೇ ತಿಂಗಳಲ್ಲಿ ಮುಧೋಳದ ಬಿಸಿಲಿಗೆ ಬೆಂದವನು ಧಾರವಾಡದ ಸಂಜೆಯ ಪಡುಗಾಳಿಗೆ ಮೈಯೊಡ್ಡಿ ನಿಂತರೆ, ಲೆಕ್ಕಪತ್ರಗಳೆಲ್ಲ ಮರೆತುಹೋಗುವುದರಲ್ಲಿ ಆಶ್ಚರ್ಯವಿಲ್ಲ. ಆಷಾಢದ ಜಿಟಿಜಿಟಿ ಮಳೆ ಮಾತ್ರ ಬೇರೆ ಸಂಗತಿ. ಒಣಹವೆಯಲ್ಲಿ ಬೆಳೆದ ಮೊಳಕಾಲು ಒಂದು ತಿಂಗಳು ಒಣಗದ ಬಟ್ಟೆ, ಒಣಗದ ಅಂಗಳಗಳ ನಡುವೆ ನೋಯತೊಡಗುತ್ತದೆ. ಆಗ ಹಳೆಯ ಬಿಸಿಲು ನೆನಪಾಗುತ್ತದೆ.

ಧಾರವಾಡ ಒಂದು ದಿನದಲ್ಲಿ ವಿದ್ಯೆಯ ಊರಾದುದಲ್ಲ. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರಲ್ಲಿ ಕರ್ನಾಟಕ ಕಾಲೇಜು, 1933ರಲ್ಲಿ ಮನೋಹರ ಗ್ರಂಥಮಾಲೆ, 1950ರಲ್ಲಿ ಆಕಾಶವಾಣಿ. ಅದೇ ವರ್ಷ, ಮುಂಬಯಿಯಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯವೂ ಇಲ್ಲಿಗೆ ಬಂದಿತು. ಡಿ. ಸಿ. ಪಾವಟೆಯವರು ಕುಲಪತಿಗಳಾಗಿದ್ದ ಕಾಲದಲ್ಲಿ, 1954ರಿಂದ 1967ರವರೆಗೆ, ಗುಡ್ಡದ ಮೇಲೆ ವಿಶ್ವವಿದ್ಯಾಲಯದ ಆವರಣ ಎದ್ದು ನಿಂತಿತು. 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, 2016ರಲ್ಲಿ ಐ. ಐ. ಟಿ. ಒಂದರ ಮೇಲೊಂದು ಹೀಗೆ ಕೂಡುತ್ತ ಬಂದುದರಿಂದಲೇ ಅಲ್ಲಿ ಕಲ್ಲೆಸೆದರೆ ಕವಿಯ ಮನೆಯ ಮೇಲೆ ಬೀಳುವುದೆಂಬ ಮಾತು ಹುಟ್ಟಿತು. ಈಗ ಕಲ್ಲೆಸೆದರೆ ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ ಕೇಂದ್ರದ ಮೇಲೆ ಬೀಳುವ ಸಂಭವವೇ ಹೆಚ್ಚು, ಇರಲಿ.

ನಿವೃತ್ತನ ಪಾಲಿಗೆ ಈ ಊರಿನ ಮೊದಲನೆಯ ಗುಣ ಯಾವುದೆಂದರೆ, ಅಲ್ಲಿ ಮುದುಕನಾಗಿರುವುದು ಅಸಹಜವೆನಿಸುವುದಿಲ್ಲ. ಮಾಳಮಡ್ಡಿ, ಸಾಧನಕೇರಿ, ಕಲ್ಯಾಣನಗರಗಳ ಬೀದಿಗಳಲ್ಲಿ ಬೆಳಗಿನ ಆರಕ್ಕೆ ಕೋಲು, ಟೊಪ್ಪಿಗೆ, ಮಫ್ಲರುಗಳ ಮೆರವಣಿಗೆಯೇ ನಡೆಯುತ್ತದೆ. ವಿದ್ಯಾವರ್ಧಕ ಸಂಘದ ಸಭಾಭವನದಲ್ಲಿ ಸಂಜೆಯ ಹೊತ್ತಿಗೆ ಯಾವುದಾದರೊಂದು ದತ್ತಿ ಉಪನ್ಯಾಸ ಇದ್ದೇ ಇರುವುದೆಂಬ ಭರವಸೆಯಿಂದ ಹೊರಡಬಹುದು. ಚೀಟಿಯಿಲ್ಲ, ಶುಲ್ಕವಿಲ್ಲ. ಮುಂದಿನ ಸಾಲಿನಲ್ಲಿ ಕುಳಿತವರು ತಲೆದೂಗುತ್ತಾರೆ, ಹಿಂದಿನ ಸಾಲಿನವರು ತೂಕಡಿಸುತ್ತಾರೆ, ಯಾರೂ ಯಾರನ್ನೂ ಆಕ್ಷೇಪಿಸುವುದಿಲ್ಲ. ಸಂಗೀತದ ಕಿವಿಯುಳ್ಳವರಿಗೆ ಮಲ್ಲಿಕಾರ್ಜುನ ಮನ್ಸೂರರು ಬಾಳಿದ ಊರಿನಲ್ಲಿ ಒಂದು ಬೈಠಕ್ಕು ಸಿಕ್ಕದ ತಿಂಗಳು ಅಪರೂಪ. ಮೂವತ್ತು ವರ್ಷ ರಸದ ಸಾಂದ್ರತೆ, ಸುಣ್ಣದ ಪ್ರಮಾಣ, ಹರಳಿನ ಗಾತ್ರ ಇಷ್ಟನ್ನೇ ನೋಡುತ್ತ ಬಂದ ಕಾರ್ಖಾನೆಯ ಪ್ರಯೋಗಶಾಲೆಯವನಿಗೆ ಇದೊಂದು ಎರಡನೆಯ ಜನ್ಮವಾಗಬಹುದು.

ಎರಡನೆಯ ಗುಣ ವೈದ್ಯರದು. ಸಮೀರವಾಡಿಯ ಸುತ್ತಿನವರಿಗೆ ದೊಡ್ಡ ಕಾಯಿಲೆ ಬಂದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಎಂದು ಗಾಡಿ ಹೂಡಬೇಕು. ಧಾರವಾಡದವರಿಗೆ ಸತ್ತೂರಿನ ಎಸ್. ಡಿ. ಎಂ. ಆಸ್ಪತ್ರೆ ಊರ ಬಾಗಿಲಲ್ಲಿಯೇ ಇದೆ. ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆ ಬಸ್ಸಿನ ದೂರದಲ್ಲಿದೆ. ಎದೆ ಹಿಡಿದ ರಾತ್ರಿಯಲ್ಲಿ ಇದಕ್ಕಿಂತ ದೊಡ್ಡ ವಾದ ಬೇರೊಂದಿಲ್ಲ. ಬಸ್ಸಿನ ಮಾತು ಬಂದುದರಿಂದ ಹೇಳಬೇಕಾದುದೊಂದುಂಟು. ಅರವತ್ತು ದಾಟಿದ ಗಂಡಸಿಗೆ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಕಾಲು ಪಾಲು ರಿಯಾಯಿತಿ. 2023ರ ಜೂನ್ ತಿಂಗಳಿನಿಂದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೀಟೇ ಇಲ್ಲ. ಜೀವನವೆಲ್ಲ ಗಂಡನ ಕೈಯಿಂದ ಬಸ್ಸಿನ ಹಣ ಕೇಳಿದ ಗೃಹಿಣಿ ಈಗ ಅವನ ಮುಕ್ಕಾಲು ಟಿಕೀಟನ್ನು ನೋಡಿ ನಗುತ್ತಾಳೆ.

ಗುಣವಿದ್ದಲ್ಲಿ ದೋಷವೂ ಇರತಕ್ಕದ್ದೇ. ಕಾಲೇಜಿನ ಊರು ತಾರುಣ್ಯದ ಊರು, ಅಲ್ಲಿದ್ದರೆ ಮನಸ್ಸು ಎಳೆಯದಾಗಿರುತ್ತದೆ ಎನ್ನುವವರುಂಟು. ಅಂಥವರು ಸಪ್ತಾಪುರದಲ್ಲಿ ಒಂದು ವಾರ ಇದ್ದು ನೋಡಬೇಕು. ಮನೆಮನೆಯೂ ವಸತಿಗೃಹ, ಮೂಲೆಮೂಲೆಗೂ ಖಾನಾವಳಿ, ರಾತ್ರಿ ಹನ್ನೊಂದಕ್ಕೆ ಚಹದ ಅಂಗಡಿಯ ಮುಂದೆ ಪ್ರಶ್ನಪತ್ರಿಕೆಯ ಚರ್ಚೆ, ಬೆಳಗಿನ ನಾಲ್ಕಕ್ಕೆ ಪೋಲೀಸು ಭರ್ತಿಯ ಓಟಕ್ಕೆ ಹೊರಟವರ ಬೂಟಿನ ಸದ್ದು. ಆ ಹುಡುಗರನ್ನು ಬೈಯುವುದು ಅನ್ಯಾಯ. ಹೊಲ ಅಡವಿಟ್ಟು ಕಳುಹಿಸಿದ ತಂದೆಯ ಮುಖ ಕಣ್ಣ ಮುಂದಿಟ್ಟುಕೊಂಡು ಓದುವವರು ಅವರು. ಅವರಲ್ಲಿ ಕೆಲವರು ಮುಧೋಳ, ಜಮಖಂಡಿಗಳ ಕಡೆಯವರೇ. ಆದರೂ ನಿದ್ದೆ ನಿದ್ದೆಯೇ. ಇದಕ್ಕಿಂತ ಹೆಚ್ಚಾಗಿ ಅವರು ಮನೆಯ ಬಾಡಿಗೆಯನ್ನು ಏರಿಸುತ್ತಾರೆ. ಎರಡು ಕೋಣೆಗೆ ಮುದುಕ ದಂಪತಿಗಳು ಕೊಡುವ ಬಾಡಿಗೆಗಿಂತ ಆರು ಜನ ಹುಡುಗರು ಕೂಡಿ ಕೊಡುವುದು ಹೆಚ್ಚೆಂಬುದನ್ನು ಮನೆಯ ಯಜಮಾನ ಬಲ್ಲ.

ಈ ತೊಡಕು ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿ ಎಂಬ ವಿದ್ಯಾಪಟ್ಟಣದಲ್ಲಿ, ವಿಶ್ವವಿದ್ಯಾಲಯದ ಆವರಣದಲ್ಲಿಯೇ ನಿವೃತ್ತರಿಗಾಗಿ ಒಂದು ಗಗನಚುಂಬಿ ಗೃಹವನ್ನು 2020ರಲ್ಲಿ ತೆರೆದರು. ಸ್ವಲ್ಪ ಕಾಲದಲ್ಲಿಯೇ ಹತ್ತಿರದ ಸಂಗೀತದ ಬಯಲಂಗಳವೊಂದರ ಗದ್ದಲ ತಡೆಯಲಾರದೆ ಹಿರಿಯರು ನ್ಯಾಯಾಲಯಕ್ಕೆ ಹೋಗಬೇಕಾಯಿತು. ಅದೇ ದೇಶದ ಮ್ಯಾಸಚೂಸೆಟ್ಸ್‌ನ ಲಾಸೆಲ್ ಕಾಲೇಜು ಇನ್ನೊಂದು ದಾರಿ ಹಿಡಿಯಿತು. ಅದರ ಮಗ್ಗುಲಿನ ವೃದ್ಧರ ಬಡಾವಣೆಯಲ್ಲಿ ಮನೆ ಬೇಕೆಂಬವರು ವರ್ಷಕ್ಕೆ 450 ತಾಸು ಕಲಿಕೆಗೆಂದು ಮೀಸಲಿಡುವ ಕರಾರಿಗೆ ಒಪ್ಪಬೇಕು. ಎಪ್ಪತ್ತರ ಪ್ರಾಯದಲ್ಲಿ ಹಾಜರಿ! ಕೇಳಲು ವಿನೋದವೆನಿಸಿದರೂ ಕರಾರಿನ ಹಿಂದೆ ಒಂದು ವಿವೇಕವಿದೆ. ಕಾಲೇಜಿನ ಊರಿನಲ್ಲಿ ಸುಮ್ಮನೆ ಕುಳಿತವನಿಗೆ ಆ ಊರು ಏನನ್ನೂ ಕೊಡುವುದಿಲ್ಲ.

ಏಕೆಂದರೆ ಕಾಲೇಜಿನ ಊರಿನ ಆಳದ ದೋಷ ಗದ್ದಲವಲ್ಲ, ಬಾಡಿಗೆಯಲ್ಲ, ನೀರೂ ಅಲ್ಲ. ಅಲ್ಲಿಯ ಜನ ಮೂರು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಈ ವರ್ಷ ‘ಕಾಕಾ’ ಎಂದು ಕರೆದು ಔಷಧಿ ತಂದುಕೊಟ್ಟ ಮೇಲಂತಸ್ತಿನ ಹುಡುಗ ಬರುವ ವರ್ಷ ಬೆಂಗಳೂರಿನಲ್ಲಿರುತ್ತಾನೆ. ಅವನ ಕೋಣೆಗೆ ಬಂದವನಿಗೆ ಕಾಕಾ ಯಾರೆಂದು ಮೊದಲಿನಿಂದ ಹೇಳಬೇಕು. ಅಧ್ಯಾಪಕನಾಗಿದ್ದವನಿಗೆ ಈ ಕಷ್ಟವಿಲ್ಲ. ಅವನು ಸಂತೆಗೆ ಹೋದರೂ “ನಮಸ್ಕಾರ್ರಿ ಸರ್, ಎಂಬತ್ತೆಂಟರ ಬ್ಯಾಚಿನವ” ಎನ್ನುವ ಒಬ್ಬನು ಸಿಗುತ್ತಾನೆ. ಅವನ ವಿದ್ಯಾರ್ಥಿಗಳೇ ಅವನ ಸ್ಥಿರಾಸ್ತಿ. ಸಕ್ಕರೆಯ ಕಾರ್ಖಾನೆಯಿಂದ ಬಂದವನನ್ನು ಯಾರು ಬಲ್ಲರು? ಸಮೀರವಾಡಿಯಲ್ಲಿ ಅವನು ಬಾಯ್ಲರಿನವನು, ಗಾಣದವನು, ಕಾಟಾದವನು. ಕಾಟಾದ ಬಳಿ ಕಬ್ಬು ತೂಗಿಸಿದ ನೂರಾರು ರೈತರು ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಧಾರವಾಡದಲ್ಲಿ ಅವನು ಬಾಡಿಗೆಯ ಮನೆಯ ಇಂತಿಷ್ಟನೆಯ ನಂಬರಿನವನು.

ಈ ವಿಚಾರವನ್ನು ಗಂಡಸರಿಗಿಂತ ಹೆಂಗಸರು ಬೇಗ ಕಂಡುಕೊಳ್ಳುತ್ತಾರೆ. ಬೀಳ್ಕೊಡುಗೆಗೆ ಆರು ತಿಂಗಳಿರುವಾಗ ಇಂಥ ಮನೆಗಳಲ್ಲಿ ರಾತ್ರಿಯ ಊಟದ ಬಳಿಕ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ.

“ಅಲ್ರೀ, ಅಲ್ಲಿ ನಮ್ಮವರು ಅಂತ ಯಾರದಾರ?”

“ಇಲ್ಲಿ ಬಂದಾಗ ಯಾರಿದ್ರು? ಆಮ್ಯಾಲ ಎಲ್ಲಾರೂ ಆಗಲಿಲ್ಲೇನು?”

“ಆವಾಗ ನನಗ ಇಪ್ಪತ್ತೆರಡು ವರ್ಷ. ಕಂಕುಳದಾಗ ಕೂಸಿತ್ತು, ಕೂಸಿನ ಕಾರಣಕ್ಕ ಮಂದಿ ತಾವs ಬಂದು ಮಾತಾಡಿಸತಿದ್ರು. ಈಗ ಹೊಸಾ ಬಾಗಲದಾಗ ನಿಂತು ‘ಒಂದು ಬಟ್ಟಲಾ ಸಕ್ಕರಿ ಕೊಡ್ರಿ’ ಅಂತ ಕೇಳಾಕ ಬಾಯಿ ಬರೂದಿಲ್ಲ.”

ಸಕ್ಕರೆಯ ಊರಿನಲ್ಲಿ ಬಾಳಿದವಳು ಸಕ್ಕರೆಯನ್ನು ಕುರಿತಾಡಿದ ಈ ಮಾತಿಗೆ ಗಂಡನ ಬಳಿ ಉತ್ತರವಿರುವುದಿಲ್ಲ. ನಿವೃತ್ತಿ ಎಂಬುದು ಅವನಿಗೆ, ಒಲೆಗೆ ನಿವೃತ್ತಿಯಿಲ್ಲ. ಅವನಿಗೆ ಉಪನ್ಯಾಸ, ವಾಚನಾಲಯ, ಬೆಳಗಿನ ವಿಹಾರ ದೊರಕುವಾಗ ಅವಳಿಗೆ ಶುಕ್ರವಾರದ ಅರಿಸಿನ ಕುಂಕುಮದ ನೆರೆಹೊರೆ, ಗುಡಿಯ ಭಜನೆಯ ಗುಂಪು, ಹಪ್ಪಳ ಶಂಡಿಗೆ ಹಾಕುವಾಗ ಕೈಕೂಡಿಸುವ ಗೆಳತಿಯರು, ಎಲ್ಲವೂ ಒಂದೇ ದಿನದಲ್ಲಿ ಕಳೆದುಹೋಗುತ್ತವೆ. ಲೆಕ್ಕ ಇಲ್ಲಿಗೂ ಮುಗಿಯದು. ಗಂಡ ಹೆಂಡತಿಗಿಂತ ನಾಲ್ಕಾರು ವರ್ಷ ಹಿರಿಯ. ಸಾಮಾನ್ಯವಾಗಿ ಅವನೇ ಮೊದಲು ಹೋಗುವವನು. ಆಮೇಲೆ ಆ ಊರಿನಲ್ಲಿ, ಅರ್ಧಕ್ಕಿಳಿದ ಪಿಂಚಣಿಯಲ್ಲಿ, ಅವನು ಆರಿಸಿದ ಮನೆಯಲ್ಲಿ ಒಬ್ಬಳೇ ಉಳಿಯಬೇಕಾದವಳು ಅವಳು. ಆದಕಾರಣ ಯಾವ ಊರು ಎಂಬುದನ್ನು ನಿರ್ಧರಿಸುವ ಹಕ್ಕು ಮೊದಲು ಅವಳದು. ನಮ್ಮ ಮನೆಗಳಲ್ಲಿ ಅವಳನ್ನು ಕೇಳುವುದು ಸಾಮಾನು ಕಟ್ಟುವಾಗ.

ವಿದ್ವಾಂಸರಾದವರಾದರೂ ಏನು ಮಾಡಿದರು? ಈ ಸೀಮೆಗೆ ಸಂಬಂಧಪಟ್ಟ ಇಬ್ಬರ ನಡೆ ನೆನಪಿಗೆ ಬರುತ್ತದೆ. ದ. ರಾ. ಬೇಂದ್ರೆಯವರು ಸೊಲ್ಲಾಪುರದ ಡಿ. ಎ. ವಿ. ಕಾಲೇಜಿನಲ್ಲಿ 1944ರಿಂದ ಕನ್ನಡ ಪ್ರಾಧ್ಯಾಪಕರಾಗಿದ್ದು 1956ರಲ್ಲಿ ನಿವೃತ್ತರಾದರು. ನೇರವಾಗಿ ಧಾರವಾಡಕ್ಕೆ, ಸಾಧನಕೇರಿಗೆ ಹಿಂದಿರುಗಿದರು. ಆಕಾಶವಾಣಿಯ ಸಲಹೆಗಾರರಾದರು, ಮನೆಗೆ ಬಂದವರೊಡನೆ ತಾಸುಗಟ್ಟಲೆ ಮಾತಾಡಿದರು, ಕಾವ್ಯ ನಿಲ್ಲಲಿಲ್ಲ, 1973ರ ಜ್ಞಾನಪೀಠ ಪ್ರಶಸ್ತಿ ಅವರನ್ನು ಅರಸಿ ಬಂದುದು ಆ ಊರಿಗೇ. ಆದರೆ ಅವರು ಧಾರವಾಡದಲ್ಲಿ ನಿವೃತ್ತರಾಗಿ ನೆಲೆಸಿದರೆನ್ನುವುದಕ್ಕಿಂತ ಮನೆಗೆ ಮರಳಿದರೆನ್ನುವುದು ಸರಿ. ಹುಟ್ಟಿದ್ದೂ ಅಲ್ಲಿಯೇ, ಗೆಳೆಯರು ಕೂಡಿದ್ದೂ ಅಲ್ಲಿಯೇ.

ಇನ್ನೊಬ್ಬರು ಜಮಖಂಡಿಯವರೇ. ಗುರುದೇವ ರಾನಡೆಯವರೆಂದು ಪ್ರಸಿದ್ಧರಾದ ರಾಮಚಂದ್ರ ದತ್ತಾತ್ರೇಯ ರಾನಡೆ 1886ರಲ್ಲಿ ಅಲ್ಲಿ ಹುಟ್ಟಿ, ಪರಶುರಾಮಭಾವು ಹೈಸ್ಕೂಲಿನಲ್ಲಿ ಓದಿ, ಪುಣೆ, ಸಾಂಗಲಿಗಳಲ್ಲಿ ಕಲಿಸಿ, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾದರು. ಅಲ್ಲಿಯ ಕುಲಪತಿಯ ಪದವಿಯನ್ನೂ ವಹಿಸಿದ್ದರು. 1946ರಲ್ಲಿ ನಿವೃತ್ತರಾದಾಗ ಅಲಹಾಬಾದಿನಂಥ ವಿದ್ಯಾನಗರಿಯಲ್ಲಿ ಗೌರವದಿಂದ ಉಳಿಯಲು ಅವರಿಗೆ ಯಾವ ಅಡ್ಡಿಯಿತ್ತು? ಪುಣೆಗೆ ಹೋಗಬಹುದಾಗಿತ್ತು. ಅವರು ಆರಿಸಿಕೊಂಡುದು ವಿಜಯಪುರದ ಉತ್ತರಕ್ಕೆ, ಸೊಲ್ಲಾಪುರದ ರೈಲುಹಾದಿಯ ಮೇಲಿರುವ ನಿಂಬಾಳವೆಂಬ ಪುಟ್ಟ ಊರನ್ನು. ಕಾಲೇಜಿಲ್ಲ, ಸಭಾಭವನವಿಲ್ಲ, ಬಯಲು, ಗಾಳಿ, ದಿನಕ್ಕೆ ಕೆಲವು ರೈಲುಗಳು. ನೋಡಬೇಕೆಂಬವರು ಅಲ್ಲಿಗೇ ಬಂದರು. 1957ರಲ್ಲಿ ಅವರು ದೇಹವಿಟ್ಟದ್ದೂ ಅಲ್ಲಿಯೇ. ರಾನಡೆಯವರಿಗೆ ನಿವೃತ್ತಿಯ ಬಳಿಕ ಮಾಡಬೇಕಾದ ಕೆಲಸ ಗೊತ್ತಿತ್ತು, ಸಾಧನೆ. ಅದಕ್ಕೆ ಬೇಕಾದ ಊರು ಯಾವುದೆಂಬುದು ಆ ಕೆಲಸದಿಂದಲೇ ತೀರ್ಮಾನವಾಯಿತು. ಬೇಂದ್ರೆಯವರದೂ ಇದೇ. ಇಬ್ಬರೂ ಊರಿನ ಹವೆ ನೋಡಿ ಹೋದವರಲ್ಲ.

ಕಾರ್ಖಾನೆಯ ನೌಕರನು ಕವಿಯಲ್ಲ, ಯೋಗಿಯೂ ಅಲ್ಲ, ಅವನಿಗೆ ಈ ಉದಾಹರಣೆಗಳೇಕೆ ಎಂದು ವಾಚಕರು ಕೇಳಬಹುದು. ಅವನ ಕೈಯಲ್ಲಿಯೂ ಒಂದು ವಿದ್ಯೆಯಿದೆ. ಕಬ್ಬಿನ ತಳಿ, ರಸದ ಇಳುವರಿ, ಮಣ್ಣಿನ ಉಪ್ಪು, ಮೋಟಾರಿನ ರೋಗ, ಇವುಗಳಲ್ಲಿ ಅವನು ಪಂಡಿತ. ಅಗತ್ಯಕ್ಕಿಂತ ಹೆಚ್ಚು ನೀರುಣಿಸಿ ಸವಳಾದ ಹೊಲಗಳು ಘಟಪ್ರಭೆಯ ಸೀಮೆಯಲ್ಲಿ ಸಾಕಷ್ಟಿವೆ. ಕಬ್ಬಿನ ಬೇಸಾಯವನ್ನೇ ಕುರಿತು ಶೋಧನೆ ನಡೆಸುವ ಸೋಮೈಯಾ ಕೃಷಿ ಸಂಶೋಧನ ಸಂಸ್ಥೆ ಸಮೀರವಾಡಿಯಲ್ಲಿಯೇ ಇದೆ. ಈ ವಿದ್ಯೆಯನ್ನು ಕೇಳಿಕೊಂಡು ಬರುವವರು ಇರುವುದು ಮಹಾಲಿಂಗಪುರ, ತೇರದಾಳ, ಮುಧೋಳಗಳಲ್ಲಿ, ಸಪ್ತಾಪುರದಲ್ಲಲ್ಲ. ಹತ್ತಿರದ ಊರಿನಲ್ಲಿ ಮನೆ ಮಾಡಿ, ಬೆಳಗ್ಗೆ ರೈತರ ಹೊಲಕ್ಕೆ ಹೋಗಿ ಬಂದು, ಸಂಜೆ ಕಾಲೇಜಿನ ವಾಚನಾಲಯದಲ್ಲಿ ಪತ್ರಿಕೆ ನೋಡುವವನು ಕಾಲೇಜಿನ ಊರಿನ ಲಾಭವನ್ನೂ ಪಡೆದ, ತನ್ನ ಹೆಸರನ್ನೂ ಉಳಿಸಿಕೊಂಡ. ನದಿಯ ತಗ್ಗಿನಲ್ಲಿ ಮಾತ್ರ ನಿವೇಶನ ಕೊಳ್ಳಬಾರದು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆಗಳು ಎಲ್ಲಿಯವರೆಗೆ ಬಂದಿದ್ದುವೆಂಬುದನ್ನು ಆ ಊರಿನ ಗೋಡೆಗಳೇ ಹೇಳುತ್ತವೆ.

ಇಷ್ಟಾದರೂ ಧಾರವಾಡವೇ ಬೇಕೆನ್ನುವವರಿಗೆ, ಸಂಗೀತಕ್ಕೋ ಪುಸ್ತಕಕ್ಕೋ ನಿಜವಾಗಿ ಹಸಿದವರಿಗೆ, ಹೃದಯದ ವೈದ್ಯರ ಬಳಿಯೇ ಇರಬೇಕಾದವರಿಗೆ, ಅಡ್ಡಿ ಹೇಳುವ ಕಾರಣವಿಲ್ಲ. ಮನೆ ಕೊಳ್ಳುವ ಬದಲು ಮೊದಲು ಒಂದು ವರ್ಷ ಬಾಡಿಗೆಗೆ ಇದ್ದು ನೋಡಬೇಕು. ಆ ವರ್ಷದಲ್ಲಿ ಒಂದು ಆಷಾಢವೂ ಒಂದು ಪರೀಕ್ಷೆಯ ಕಾಲವೂ ಸೇರಿರಬೇಕು. ಸಾಮಾನನ್ನೆಲ್ಲ ಸಾಗಿಸದೆ ಅರ್ಧವನ್ನು ಮಗಳ ಮನೆಯಲ್ಲಿಯೋ ತಮ್ಮನ ಮನೆಯಲ್ಲಿಯೋ ಇಟ್ಟಿರುವುದು ಲೇಸು. ಮನೆ ಹುಡುಕಲು ಹೊರಡಬೇಕಾದುದು ಬೇಸಿಗೆಯ ರಜೆ ತೊಡಗುವ ಏಪ್ರಿಲ್, ಮೇ ತಿಂಗಳುಗಳಲ್ಲಿ. ಆಗ ಹುಡುಗರು ಕೋಣೆ ಬಿಟ್ಟು ಊರಿಗೆ ಹೋಗಿರುತ್ತಾರೆ, ಯಜಮಾನರ ಮಾತು ಮೆತ್ತಗಿರುತ್ತದೆ. ಕಾಲೇಜುಗಳು ಪ್ರಾರಂಭವಾದ ಮೇಲೆ ಹೋದರೆ ಖಾಲಿ ಮನೆಯೂ ಸಿಗದು, ಬಾಡಿಗೆಯೂ ಇಳಿಯದು. ಮನೆ ಒಪ್ಪಿಗೆಯಾದರೆ ಮುಂಗಡ ಕೊಡುವ ಮೊದಲು ನಲ್ಲಿಯ ಮಾತು ಕೇಳಬೇಕು. 2008ರಿಂದ ಆಯ್ದ ಕೆಲವು ವಾರ್ಡುಗಳಿಗೆ ಹಗಲಿರುಳೂ ನೀರು ಬರುವ ಏರ್ಪಾಡಾಯಿತು. ಎಲ್ಲೆಡೆಗೂ ಆ ಭಾಗ್ಯವಿಲ್ಲ. ಸರದಿಯ ನೀರು ಬರುವ ಕಡೆ ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತಿಗೆ, ಕೊಡ ಹೊತ್ತು ಮೆಟ್ಟಿಲೆಷ್ಟು ಹತ್ತಬೇಕು ಎಂಬುದನ್ನು ಯಜಮಾನನ ಬದಲು ನೆರೆಮನೆಯ ಹೆಂಗಸನ್ನು ವಿಚಾರಿಸಬೇಕು. ವಿಚಾರಿಸಲು ಹೆಂಡತಿಯನ್ನೇ ಕಳುಹಿಸಿದರೆ ಇನ್ನೂ ಒಳ್ಳೆಯದು. ನೀರಿನ ನೆಪದಲ್ಲಿ ಮೊದಲ ಮಾತಾದರೂ ಆಗಿರುತ್ತದೆ.